ಅಪ್ಪನ ಹೆಸರಿನ ಮಾತು ಆಮೇಲೆ, ಶಿಬಿರದ ರಿಜಿಸ್ಟರ್ ಯಾರ ಬೀರುವಿನಲ್ಲಿರುತ್ತದೆ ಹೇಳಿ

ತಂದೆ ಶಾಸಕರು, ನಿಮ್ಮದು ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ, ಅಮೆರಿಕದ ಮಾಜಿ ಸಂಸದ ಪ್ಯಾಟ್ರಿಕ್ ಕೆನಡಿಯ ಹಾಗೆ ಜನರ ಆರೋಗ್ಯದ ಪರವಾಗಿ ದನಿ ಎತ್ತಬೇಕೆಂಬ ಆಸೆ. ಮುಂದಿನ ತಿಂಗಳು ತಂದೆಯವರ ಹುಟ್ಟುಹಬ್ಬದ ಬಿಪಿ ತಪಾಸಣಾ ಶಿಬಿರದಿಂದಲೇ ಶುರು ಮಾಡುತ್ತೀರಿ, ಆದರೆ ತಂದೆಯವರ ಹೆಸರು ಬಳಸಬೇಕೋ ದೂರವಿಡಬೇಕೋ ತಿಳಿಯುತ್ತಿಲ್ಲ ಎಂದು ಕೇಳಿದ್ದೀರಿ. ನಾನೂ ಶಾಸಕರ ಮಗಳಾಗಿದ್ದಾಗ ಹೀಗೇ ಶುರು ಮಾಡಿದ್ದು, ಹುಟ್ಟುಹಬ್ಬದ ಶಿಬಿರದಿಂದಲೇ.

ಕಲ್ಯಾಣ ಮಂಟಪದಲ್ಲಿ ಸುಮಾರು 300 ಜನರ ಬಿಪಿ ನೋಡಿಸಿದೆವು. ಹೆಚ್ಚಿದ್ದವರಿಗೆಲ್ಲ 15 ದಿನದ ಮಾತ್ರೆ ಕೊಟ್ಟೆವು. ಹೆಸರು, ಊರು, ಬಿಪಿ ಎಲ್ಲವನ್ನೂ ಒಂದೇ ಉದ್ದನೆಯ ರಿಜಿಸ್ಟರಿನಲ್ಲಿ ಬರೆದು ಅಪ್ಪನ ಕಚೇರಿಯ ಬೀರುವಿನಲ್ಲಿಟ್ಟೆ. ನಾನು ಮಾಡಿದ ತಪ್ಪು ಅದೇ. ಕೆಲವೇ ದಿನಗಳಲ್ಲಿ ಚುನಾವಣೆ ಘೋಷಣೆಯಾಯಿತು, ನೀತಿ ಸಂಹಿತೆ ಜಾರಿಗೆ ಬಂತು, ಸರ್ಕಾರಿ ಕಟ್ಟಡದಲ್ಲಿದ್ದ ಶಾಸಕರ ಕಚೇರಿಗೆ ಬೀಗ ಬಿತ್ತು. ರಿಜಿಸ್ಟರ್ ಒಳಗೇ ಉಳಿಯಿತು. ಅಪ್ಪ ಸೋತರು. ಕಚೇರಿ ಬೇರೆಯವರ ಕೈ ಸೇರಿದ ಮೇಲೆ ಆ ಪುಸ್ತಕ ನನ್ನ ಕಣ್ಣಿಗೆ ಬೀಳಲಿಲ್ಲ.

ಒಂದು ರಿಜಿಸ್ಟರ್ ಹೋದರೆ ಏನಾಯಿತು ಅನ್ನಿಸಬಹುದು. ಬಿಪಿ ಏರಿದವರಿಗೆ ಸಾಮಾನ್ಯವಾಗಿ ಏನೂ ಅನ್ನಿಸುವುದಿಲ್ಲ, ನೋವಿಲ್ಲ, ಜ್ವರವಿಲ್ಲ. ಮಾತ್ರೆ ನುಂಗುವಷ್ಟು ದಿನ ಮಾತ್ರ ಬಿಪಿ ಹಿಡಿತದಲ್ಲಿರುತ್ತದೆ. 15 ದಿನದ ಪೊಟ್ಟಣ ಕೈಗೆ ಕೊಟ್ಟರೆ ಜನ ಅದನ್ನು ಜ್ವರದ ಮಾತ್ರೆಯ ಹಾಗೆ 'ಕೋರ್ಸು ಮುಗೀತು' ಅಂದುಕೊಳ್ಳುತ್ತಾರೆ. ಹದಿನಾರನೇ ದಿನ ಅವರ ಮನೆ ಬಾಗಿಲಿಗೆ ಹೋಗಿ ಕೇಳಬೇಕಾದವರು ಆಶಾ ಕಾರ್ಯಕರ್ತೆ ಮತ್ತು ಉಪಕೇಂದ್ರದ ಸಿಸ್ಟರ್. ಅವರ ಬಳಿ ಒಂದು ಹೆಸರೂ ಇರಲಿಲ್ಲ, ಏಕೆಂದರೆ ಶಿಬಿರಕ್ಕೆ ನಾನು ಅವರನ್ನು ಕರೆದೇ ಇರಲಿಲ್ಲ. ಖಾಸಗಿ ವೈದ್ಯರು, ಪಕ್ಷದ ಹುಡುಗರು ಸಾಕು ಅಂದುಕೊಂಡಿದ್ದೆ. ತಿಂಗಳುಗಳ ಬಳಿಕ ನೆನಪಿದ್ದವರ ಮನೆಗಳಿಗೆ ಹೋದಾಗ ಬಹುತೇಕರು ಮಾತ್ರೆ ಬಿಟ್ಟಿದ್ದರು. ಶಿಬಿರದಲ್ಲಿ ನಾನೇ ಕೈಯಾರೆ ಚೀಟಿ ಬರೆದುಕೊಟ್ಟಿದ್ದ ಒಬ್ಬ ಅಮ್ಮನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು.

ಅಳತೆಯಲ್ಲೂ ತಪ್ಪಿತ್ತು. ಬಿಸಿಲಲ್ಲಿ ನಡೆದು ಬಂದವರನ್ನು ಸಾಲಿನಿಂದ ನೇರವಾಗಿ ಕೂರಿಸಿ, ಅಂಗಿಯ ತೋಳಿನ ಮೇಲೇ ಪಟ್ಟಿ ಸುತ್ತಿ, ಮಾತಾಡಿಸುತ್ತಲೇ ಒಂದು ಸಲ ನೋಡಿ ಬರೆದುಕೊಂಡೆವು. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, 5 ನಿಮಿಷ ಸುಮ್ಮನೆ ಕೂರಿಸಬೇಕು. ಅದಕ್ಕೆ ಹಿಂದಿನ ಅರ್ಧ ಗಂಟೆಯಲ್ಲಿ ಕಾಫಿ, ಟೀ, ಬೀಡಿ ಆಗಿರಬಾರದು, ಮೂತ್ರ ಕಟ್ಟಿಕೊಂಡಿರಬಾರದು. ತೋಳು ಎದೆಯ ಮಟ್ಟದಲ್ಲಿರಲಿ. ಒಂದೆರಡು ನಿಮಿಷ ಬಿಟ್ಟು ಎರಡು ಸಲ ನೋಡಿ. ತೋಳಿನ ಸುತ್ತಳತೆ 22ರಿಂದ 32 ಸೆಂಟಿಮೀಟರ್ ಇದ್ದರೆ ಸಾಮಾನ್ಯ ಪಟ್ಟಿ ಸಾಕು, ಅದಕ್ಕಿಂತ ದಪ್ಪ ತೋಳಿಗೆ ದೊಡ್ಡ ಪಟ್ಟಿ ಬೇಕು. ಚಿಕ್ಕದನ್ನು ಬಿಗಿದರೆ ಇಲ್ಲದ ಬಿಪಿ ತೋರಿಸುತ್ತದೆ. 140/90 ಅಥವಾ ಮೇಲೆ ಬಂದರೆ ಇನ್ನೊಂದು ದಿನ ಮತ್ತೆ ನೋಡಿಯೇ ಕಾಯಿಲೆ ಎಂದು ತೀರ್ಮಾನಿಸುವುದು. 180/110 ದಾಟಿದವರನ್ನು ಮಾತ್ರ ಅಂದೇ ವೈದ್ಯರ ಮುಂದೆ ಕೂರಿಸಿ. ಅಂದರೆ ಒಂದೇ ದಿನದ ಶಿಬಿರದಲ್ಲಿ ಕಾಯಿಲೆ ಹಿಡಿದುಬಿಡುತ್ತೇವೆ ಅನ್ನುವುದೇ ತಪ್ಪು ಲೆಕ್ಕ. ಅಲ್ಲಿ ಸಿಗುವುದು ಮತ್ತೊಮ್ಮೆ ನೋಡಬೇಕಾದವರ ಪಟ್ಟಿ.

ಆದ್ದರಿಂದ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನು ಕಂಡು ಬನ್ನಿ. ಶಿಬಿರ ಅವರದ್ದಾಗಲಿ, ನೀವು ಕುರ್ಚಿ, ನೆರಳು, ನೀರು, ಜನ ಒದಗಿಸಿ. ಪ್ರತಿಯೊಬ್ಬರಿಗೂ ಮೂರು ಪ್ರತಿಯ ಚೀಟಿ ಮಾಡಿಸಿ: ಒಂದು ರೋಗಿಗೆ, ಒಂದು ಆರೋಗ್ಯ ಕೇಂದ್ರಕ್ಕೆ, ಒಂದು ಅವರ ಬೀದಿಯ ಆಶಾಗೆ. ಅದರಲ್ಲಿ ಮೊಬೈಲ್ ಸಂಖ್ಯೆ, ಎರಡೂ ಅಳತೆ, ಉಪಕೇಂದ್ರದ ಹೆಸರು, ಮತ್ತೆ ಬರಬೇಕಾದ ತಾರೀಖು ಇರಲೇಬೇಕು. ತಂದೆಯವರ ಫೋಟೊ ಚೀಟಿಯ ಮೇಲೆ ಬೇಡ. ಫೋಟೊ ಇದ್ದರೆ ಎದುರು ಪಕ್ಷದ ಮನೆಯವರು ಆ ಚೀಟಿ ಹಿಡಿದು ಆಸ್ಪತ್ರೆಗೆ ಬರಲು ಹಿಂಜರಿಯುತ್ತಾರೆ, ನೀತಿ ಸಂಹಿತೆ ಬಂದರೆ ಚೀಟಿಯೇ ತಕರಾರಿಗೆ ಸಿಕ್ಕಿಕೊಳ್ಳುತ್ತದೆ. ನಿಮ್ಮ ಕಚೇರಿಯಲ್ಲಿ ಒಂದು ಪ್ರತಿಯನ್ನೂ ಇಟ್ಟುಕೊಳ್ಳಬೇಡಿ. ಜನರ ಕಾಯಿಲೆಯ ಪಟ್ಟಿ ರಾಜಕೀಯ ಕಚೇರಿಯಲ್ಲಿ ಇರಕೂಡದು.

ಇನ್ನು ಕೆನಡಿ. ಅವರಿಂದ ಕಲಿಯಬೇಕಾದ್ದಿದೆ, ಆದರೆ ಅದು ಮನೆತನದ ಹೆಸರಿನ ಬಳಕೆಯಲ್ಲ. ಸೆನೆಟರ್ ಟೆಡ್ ಕೆನಡಿಯ ಮಗ, 1995ರಿಂದ 2011ರವರೆಗೆ ರೋಡ್ ಐಲ್ಯಾಂಡಿನಿಂದ ಅಮೆರಿಕದ ಕೆಳಮನೆಯ ಸದಸ್ಯ. 2006ರಲ್ಲಿ ಸಂಸತ್ ಭವನದ ಬಳಿ ತಡೆಗೋಡೆಗೆ ಕಾರು ಗುದ್ದಿದ ಮೇಲೆ ಮಾತ್ರೆಗಳ ಚಟವನ್ನು ಬಹಿರಂಗವಾಗಿ ಒಪ್ಪಿಕೊಂಡು ಚಿಕಿತ್ಸೆಗೆ ಹೋದರು. ಆಮೇಲೆ ಎದುರು ಪಕ್ಷದ, ಸ್ವತಃ ಕುಡಿತ ಬಿಟ್ಟಿದ್ದ ಜಿಮ್ ರಾಮ್‌ಸ್ಟಡ್ ಜೊತೆ ನಿಂತು ಮಾನಸಿಕ ಕಾಯಿಲೆಗೂ ಸಮಾನ ವಿಮೆ ಕೊಡಿಸುವ 2008ರ ಕಾಯ್ದೆಗೆ ದುಡಿದರು. 1996ರಲ್ಲೇ ಒಂದು ಕಾಯ್ದೆ ಬಂದಿತ್ತು, ಆದರೆ ಅದು ವರ್ಷಕ್ಕೆ ಮತ್ತು ಜೀವಮಾನಕ್ಕೆ ಹಾಕುವ ಹಣದ ಮಿತಿಯನ್ನಷ್ಟೇ ಸರಿಸಮ ಮಾಡಿತ್ತು. ವಿಮಾ ಕಂಪನಿಗಳು ಹಣದ ಬದಲು ವೈದ್ಯರ ಭೇಟಿಗೂ ಆಸ್ಪತ್ರೆಯ ದಿನಗಳಿಗೂ ಮಿತಿ ಹಾಕಿ ನುಣುಚಿಕೊಂಡವು. 2008ರ ಕಾಯ್ದೆ ಮುಚ್ಚಿದ್ದು ಆ ಕಿಂಡಿಯನ್ನು. ನಮ್ಮಲ್ಲಿ ಇದೇ ಸಮಾನತೆಯನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಕಲಮಿನ 4ನೇ ಉಪಕಲಮು ಹೇಳುತ್ತದೆ. ಕಿಂಡಿ ಎಲ್ಲಿದೆ ಎಂದು ಹುಡುಕುವವರೇ ಈ ಕ್ಷೇತ್ರದಲ್ಲಿ ಕೆಲಸಕ್ಕೆ ಬರುತ್ತಾರೆ.

ಹೆಸರು ಮುಚ್ಚಿಡುವುದಂತೂ ಆಗದ ಮಾತು, ನೀವು ಯಾರ ಮಗ ಎಂದು ತಾಲ್ಲೂಕಿಗೇ ಗೊತ್ತು. ಬಳಸುವುದಾದರೆ ತಂದೆಯವರ ಹೆಸರನ್ನಲ್ಲ, ಅವರ ಅಧಿಕಾರವನ್ನು, ಅದೂ ದಾಖಲೆ ಉಳಿಯುವ ಹಾಗೆ ಬಳಸಿ. ಆರೋಗ್ಯಾಧಿಕಾರಿಗೆ ಫೋನ್ ಮಾಡಿಸಿದರೆ ಕೆಲಸ ಒಂದು ವಾರ ನಡೆದು ನಿಲ್ಲುತ್ತದೆ. ವಿಧಾನಸಭೆಯಲ್ಲಿ ಚುಕ್ಕೆ ಗುರುತಿಲ್ಲದ ಪ್ರಶ್ನೆ ಕೇಳಿದರೆ ಲಿಖಿತ ಉತ್ತರ ಬರುತ್ತದೆ. ಪ್ರಶ್ನೆ ಕಿರಿದಾಗಿರಲಿ: ತಾಲ್ಲೂಕಿನ ಪ್ರತಿ ಆರೋಗ್ಯ ಕೇಂದ್ರದಲ್ಲಿ ಕಳೆದ 12 ತಿಂಗಳಲ್ಲಿ ಬಿಪಿಗೆ ಕೊಡುವ ಆಮ್ಲೋಡಿಪಿನ್ 5 ಮಿಲಿಗ್ರಾಂ ಮಾತ್ರೆ ಎಷ್ಟು ದಿನ ಇರಲಿಲ್ಲ? ಪ್ರಯೋಗಾಲಯ ತಂತ್ರಜ್ಞರ ಎಷ್ಟು ಹುದ್ದೆ ಖಾಲಿ? ಅಧಿವೇಶನ ಇಲ್ಲದಾಗ ನೀವೇ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ ₹10, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಸಾಮಾನ್ಯವಾಗಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸೇರಿರಬೇಕು. ಇದನ್ನು ಮರೆತರೆ ಪೂರ್ತಿ ಉತ್ತರ ಸಿಗದೆ ಹೋಗಬಹುದು.

ಇನ್ನೊಂದು ಮಾತು. ಮುಂದೆ ತಂಬಾಕಿನ ವಿರುದ್ಧವೂ ಕೆಲಸ ಮಾಡುವ ಯೋಚನೆಯಿದೆ ಅಂದಿದ್ದೀರಿ. ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕು ಬೆಳೆಯುವವರೇ ಮತದಾರರು. ನಿಮ್ಮ ತಂದೆಯವರ ಚುನಾವಣೆಗೆ ಗುಟ್ಕಾ ಅಥವಾ ಮದ್ಯದ ವ್ಯಾಪಾರಿಗಳು ಹಣ ಕೊಟ್ಟಿದ್ದಾರೆಯೇ ಎಂದು ಮನೆಯಲ್ಲಿ ಈಗಲೇ ಕೇಳಿ ತಿಳಿದುಕೊಳ್ಳಿ. ವೇದಿಕೆಯ ಮೇಲೆ ಪತ್ರಕರ್ತರು ಕೇಳಿದಾಗ ಗೊತ್ತಾಗಬಾರದು.

ಈಗ ಮುಂದಿನ ತಿಂಗಳ ಶಿಬಿರದ ಲೆಕ್ಕ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ ದೇಶದಲ್ಲಿ 15 ವರ್ಷ ತುಂಬಿದ ಗಂಡಸರಲ್ಲಿ ಶೇ 24, ಹೆಂಗಸರಲ್ಲಿ ಶೇ 21 ಮಂದಿಗೆ ಬಿಪಿ ಹೆಚ್ಚಿದೆ ಅಥವಾ ಅದಕ್ಕೆ ಮಾತ್ರೆ ನಡೆದಿದೆ. 300 ಜನ ಬಂದರೆ ಸುಮಾರು 70 ಮಂದಿ. ದಿನಕ್ಕೊಂದು ಮಾತ್ರೆ ಎಂದರೂ ತಿಂಗಳಿಗೆ 2,100. ಫ್ಲೆಕ್ಸ್ ಪ್ರಿಂಟಿಗೆ ಕೊಡುವ ಮೊದಲು ಆರೋಗ್ಯ ಕೇಂದ್ರದ ಫಾರ್ಮಸಿಯಲ್ಲಿ ದಾಸ್ತಾನು ಪುಸ್ತಕ ತೋರಿಸಲು ಕೇಳಿ. ಈಗಾಗಲೇ ಒಯ್ಯುತ್ತಿರುವವರಿಗೆ ಬೇಕಾದ್ದನ್ನು ಕಳೆದು ಎರಡು ತಿಂಗಳಿಗೆ ಸಾಲುವಷ್ಟು ಇಲ್ಲದಿದ್ದರೆ ವೈದ್ಯಾಧಿಕಾರಿಯಿಂದ ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಿಸಿ, ಮಾತ್ರೆ ಬಂದ ಮೇಲೆ ಶಿಬಿರದ ದಿನ ಗೊತ್ತುಮಾಡಿ. ಹುಟ್ಟುಹಬ್ಬ ದಾಟಿದರೆ ದಾಟಲಿ.