‘ಕುಳಪ್ಪಮಿಲ್ಲ’ ಅಂದರೆ ನನ್ನ ಕೆಲಸ ಹೇಗಿದೆ ಅಂತ?

ಪ್ರಶ್ನೆ: ನಮ್ಮ ಮನೆ ಬದಿಯಡ್ಕದಲ್ಲಿ. ಕಾಸರಗೋಡು ಪೇಟೆಯ ಖಾಸಗಿ ಕಚೇರಿಯೊಂದರಲ್ಲಿ ಎರಡು ವರ್ಷದಿಂದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಕೆಲಸ ಹೇಗಿದೆ ಅಂತ ಮ್ಯಾನೇಜರ್ ತಾವಾಗಿ ಹೇಳಿದ್ದೇ ಇಲ್ಲ. ಕೇಳಿದರೆ ಮಲಯಾಳದಲ್ಲಿ ‘ಕುಳಪ್ಪಮಿಲ್ಲ’ ಅಂತಾರೆ, ಅಷ್ಟೇ. ದಿನವೂ ಅವರ ಮುಖ ನೋಡಿ ಅಂದಾಜು ಮಾಡುತ್ತೇನೆ. ನನ್ನ ಮಲಯಾಳವೂ ಅಷ್ಟಕ್ಕಷ್ಟೇ. ಹೇಗೆ ಕೇಳಲಿ? ತಪ್ಪು ಕೇಳಲು ಹೋಗಿ ನಾನೇ ಸಣ್ಣವಳಾಗುತ್ತೇನಾ?

ಉತ್ತರ: ಎರಡು ವರ್ಷ ಹೀಗೆ ಕಳೆಯುವುದು ಕಷ್ಟವೇ. ‘ಕುಳಪ್ಪಮಿಲ್ಲ’ ಅಂದರೆ ತೊಂದರೆ ಇಲ್ಲ ಅಂತ. ಚೆನ್ನಾಗಿದೆ ಅನ್ನಲಿಕ್ಕೂ ಅದೇ, ಹೇಗೋ ನಡೆಯುತ್ತದೆ ಅನ್ನಲಿಕ್ಕೂ ಅದೇ. ಆದರೆ ‘ನನ್ನ ಕೆಲಸ ಹೇಗಿದೆ ಸರ್?’ ಅಂತ ಕೇಳಿದರೆ ಯಾರಿಗಾದರೂ ಬೇರೆ ಉತ್ತರ ಹೊಳೆಯುವುದು ಕಷ್ಟ.

ಒಂದೇ ಕೆಲಸ ಹಿಡಿದು ಕೇಳಿ. ಪ್ರಿಂಟ್ ಕೈಯಲ್ಲಿರಲಿ, ಜೊತೆಗೆ ಪೆನ್ಸಿಲ್. ‘ಈ ತಿಂಗಳ ಜಿಎಸ್‌ಟಿ ಲೆಕ್ಕದಲ್ಲಿ ನೀವು ಎಲ್ಲಿ ತಿದ್ದಬೇಕಾಯಿತು? ಮುಂದಿನ ಸಲ ಯಾವುದನ್ನು ಬೇರೆ ಥರ ಮಾಡಲಿ?’ ಇದಕ್ಕೆ ಕುಳಪ್ಪಮಿಲ್ಲ ಅನ್ನಲಾಗುವುದಿಲ್ಲ. ಹಾಳೆ ಎದುರಿಗಿದ್ದರೆ ಬೆರಳು ತಾನಾಗಿ ಒಂದು ಸಾಲಿನ ಮೇಲೆ ಹೋಗುತ್ತದೆ. 20ನೇ ತಾರೀಕಿಗೆ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಗಡಿಬಿಡಿಯಲ್ಲಿ ಮಾತ್ರ ಕೇಳಬೇಡಿ. ಅದು ಮುಗಿದ ಮರುದಿನ ಕೇಳಿ, ನೆನಪು ಹಸಿಯಾಗಿರುತ್ತದೆ.

ಆಶ್‌ಫರ್ಡ್ ಮತ್ತು ಕಮಿಂಗ್ಸ್ ಎಂಬ ಸಂಶೋಧಕರು 1983ರಲ್ಲೇ ಇದನ್ನು ಬಿಡಿಸಿ ಬರೆದಿದ್ದರು: ನೌಕರರು ಒಂದೋ ಸುತ್ತಲಿನವರನ್ನು ಗಮನಿಸಿ ತಿಳಿಯುತ್ತಾರೆ, ಇಲ್ಲವೇ ನೇರ ಕೇಳುತ್ತಾರೆ. ನೀವು ಈವರೆಗೆ ಹೆಚ್ಚಾಗಿ ಮಾಡಿದ್ದು ಮೊದಲನೆಯದು. ಮುಖ ಗಂಟಿಕ್ಕಿದ್ದು ನಿಮ್ಮ ಲೆಕ್ಕಕ್ಕೋ, ಅವರ ಮನೆಯ ಚಿಂತೆಗೋ, ಯಾರಿಗೆ ಗೊತ್ತು?

ಸಣ್ಣವರಾಗುವ ಭಯ ಬೇಡ. ಆಶ್‌ಫರ್ಡ್ ಮತ್ತು ಟ್ಸುಯಿ 1991ರಲ್ಲಿ ಮ್ಯಾನೇಜರ್‌ಗಳ ಮೇಲೆ ಮಾಡಿದ ಅಧ್ಯಯನದಲ್ಲಿ, ತಮ್ಮ ಕೊರತೆ ಕೇಳಿ ತಿಳಿಯುತ್ತಿದ್ದವರನ್ನೇ ಸುತ್ತಲಿನವರು ಹೆಚ್ಚು ಸಮರ್ಥರೆಂದು ಕಂಡಿದ್ದರು. ಹೊಗಳಿಕೆ ಹುಡುಕಿ ಹೋದವರ ಬೆಲೆ ಇಳಿದಿತ್ತು. ನೌಕರರಿಗೂ ಇದು ಸಲ್ಲುತ್ತದೆ ಅಂತ ನಾನು ನಂಬುತ್ತೇನೆ.

ಭಾಷೆಗೆ ಅಳುಕಬೇಡಿ. ಬಸ್ಸಿನಲ್ಲಿ, ಅಂಗಡಿಯಲ್ಲಿ ಕನ್ನಡ, ತುಳು, ಮಲಯಾಳ ಬೆರೆಸಿಯೇ ಮಾತಾಡುತ್ತೀರಿ, ಅಲ್ವಾ? ಮ್ಯಾನೇಜರ್ ಹೇಳಿದ್ದನ್ನು ಒಮ್ಮೆ ತಿರುಗಿ ಹೇಳಿ: ‘ಅಂದರೆ ಬಿಲ್ ನಂಬರು ಮೊದಲು ತಾಳೆ ನೋಡಬೇಕು, ಅಲ್ವಾ ಸರ್?’ ಅವರು ತಪ್ಪು ತೋರಿಸುವಾಗ ಕಾರಣ ಕೊಡಲು ಹೋಗಬೇಡಿ. ಸುಮ್ನೆ ಬರೆದುಕೊಳ್ಳಿ. ಮುಂದಿನ ತಿಂಗಳು ಹಾಳೆ ಕೊಡುವಾಗ ತಿದ್ದಿದ ಆ ಸಾಲನ್ನೇ ಮೊದಲು ತೋರಿಸಿ.