ಮಕ್ಕಳಾಗದಿರುವುದನ್ನು ಸಾಹಿತ್ಯದಲ್ಲಿ ಅಂಗವೈಕಲ್ಯದ ಹಾಗೆ ಓದಬಹುದಾ?

ಓದಬಹುದು. ಮದುವೆಯಾಗಿ ಹನ್ನೊಂದು ವರ್ಷವಾದರೂ ನಮಗೆ ಮಕ್ಕಳಿಲ್ಲ. ನಾನಂತೂ ಈಗ ಹಾಗೇ ಓದುತ್ತೇನೆ.

ಗಾಲಿಕುರ್ಚಿಯಲ್ಲಿ ಬಂದವರನ್ನು ಬಾಗಿಲಲ್ಲಿ ತಡೆಯುವುದು ಅವರ ಕಾಲಲ್ಲ, ಮೆಟ್ಟಿಲು. ಅಂಗವೈಕಲ್ಯ ಅಧ್ಯಯನದ ಮೊದಲ ಪಾಠ ಇದು. ನನ್ನ ಮೆಟ್ಟಿಲು ಕಂಡಿದ್ದು ನಾದಿನಿಯ ಸೀಮಂತದಲ್ಲಿ. ಒಬ್ಬೊಬ್ಬರನ್ನೇ ಆರತಿಗೆ ಕರೆಯುತ್ತಿದ್ದರು. ನಾನು ಎದ್ದೆ. "ನೀನು ಸ್ವಲ್ಪ ಅಡುಗೆಮನೆ ನೋಡ್ಕೋ ಹೋಗಮ್ಮ" ಅಂದರು ಹಿರಿಯರೊಬ್ಬರು. ಅವಳಿಗೆ ತೊಡಿಸೋಣ ಅಂತ ತಂದಿದ್ದ ಹಸಿರು ಬಳೆ ನನ್ನ ಕೈಯಲ್ಲೇ ಉಳಿಯಿತು. ಆಮೇಲೆ ಬಂದ ರಿಪೋರ್ಟಲ್ಲಿ ತೊಂದರೆ ಇದ್ದಿದ್ದು ನನ್ನವರಿಗೆ. ಆದರೂ 'ಬಂಜೆ' ಅನ್ನುವ ಮಾತು ನನ್ನನ್ನು ಬಿಡಲಿಲ್ಲ. ಗಂಡಸಿಗೆ ಹಾಗೆ ಅನ್ನೋಕೆ ನಮ್ಮಲ್ಲಿ ಅಷ್ಟು ಸಲೀಸಾದ ಪದವೇ ಇಲ್ಲ, ಅಲ್ವಾ?

ನಮ್ಮ ಒಂದು ಗರತಿ ಹಾಡು ಮಕ್ಕಳಿಲ್ಲದವಳ ಬಾಳನ್ನು ಬಾಡಿಗೆ ಎತ್ತಿನ ದುಡಿತಕ್ಕೆ, ಉಂಡು ಎಸೆದ ಬಾಳೆಲೆಗೆ ಹೋಲಿಸುತ್ತದೆ. ಆ ಎತ್ತು ಹೊಲವೆಲ್ಲ ಉಳುತ್ತದೆ, ಆದರೆ ಆ ಹಟ್ಟಿ ಅದರದ್ದಲ್ಲ. ಹಾಡಿನಲ್ಲಿ ಗರ್ಭದ ಮಾತೇ ಇಲ್ಲ. ಇರುವುದು ಮನೆಯಲ್ಲಿ ಅವಳಿಗಿರುವ ಜಾಗದ ಮಾತು.

ಪೆರುಮಾಳ್ ಮುರುಗನ್ ಅವರ 2010ರ ತಮಿಳು ಕಾದಂಬರಿ 'ಮಾದೊರುಬಾಗನ್' ಓದಿ, ಮಕ್ಕಳಿಲ್ಲದ ದಂಪತಿಯ ಕಥೆ ಅದು. ಅಲ್ಲಿ ಗಂಡನಿಗೂ ಮೂದಲಿಕೆ ತಪ್ಪುವುದಿಲ್ಲ.

ನನ್ನನ್ನು ಜಾಸ್ತಿ ಕಾಡಿದ್ದು ಅಕ್ಕಮಹಾದೇವಿಯ ವಚನ. "ಬಂಜೆ ಬೇನೆಯನರಿವಳೆ" ಅಂತ ಶುರುವಾಗುತ್ತದೆ. ಸ್ಕೂಲಲ್ಲಿ ಸುಮ್ನೆ ಬಾಯಿಪಾಠ ಮಾಡಿದ್ದೆ. ಸಾಹಿತ್ಯ ಅಂಗವೈಕಲ್ಯವನ್ನು ಊರುಗೋಲಿನ ಹಾಗೆ ಬಳಸಿಕೊಳ್ಳುತ್ತದೆ, ಬೇರೇನನ್ನೋ ಹೇಳೋಕೆ ಅದರ ಮೇಲೆ ಒರಗುತ್ತದೆ ಅಂತ ಅಂಗವೈಕಲ್ಯ ಅಧ್ಯಯನದ ವಿದ್ವಾಂಸರಾದ ಡೇವಿಡ್ ಮಿಚೆಲ್ ಮತ್ತು ಶ್ಯಾರನ್ ಸ್ನೈಡರ್ 2000ರಲ್ಲಿ ಬರೆದರು. ಇಲ್ಲೂ ಹಾಗೇ ಆಗಿದೆ. ಅಕ್ಕ ತನ್ನ ನೋವು ಹೇಳಿಕೊಳ್ಳಲು ಬಂಜೆಯನ್ನು ನೋವೇ ಗೊತ್ತಿಲ್ಲದವಳನ್ನಾಗಿ ಮಾಡಿದಳು. ಆದರೆ ಅದೇ ವಚನ ಮುಂದೆ "ನೊಂದವರ ನೋವ ನೋಯದವರೆತ್ತ ಬಲ್ಲರು" ಅನ್ನುತ್ತದೆ. ಆ ಸಾಲು ಬಂಜೆ ಅನ್ನಿಸಿಕೊಂಡವಳದ್ದೂ ಹೌದು. ಅಕ್ಕನ ಮೇಲೆ ನನಗೆ ಸಿಟ್ಟಿಲ್ಲ, ಆ ಸಾಲನ್ನು ನನ್ನದೂ ಮಾಡಿಕೊಂಡಿದ್ದೇನೆ.

ಈ ಓದು ಒಂದು ಕಡೆ ಸಾಲುವುದಿಲ್ಲ. ಎಲ್ಲವನ್ನೂ ಸಮಾಜದ ಮೇಲೆ ಹಾಕಿ ಮುಗಿಸಬೇಡಿ. ಯಾರೂ ಏನೂ ಅನ್ನದ ತಿಂಗಳಲ್ಲೂ ಮುಟ್ಟಾದ ದಿನ ನಾನು ಬಚ್ಚಲುಮನೆ ಬಾಗಿಲು ಹಾಕಿಕೊಂಡು ಅತ್ತಿದ್ದೇನೆ.