ಓದುಗರ ಪ್ರಶ್ನೆ, ನಮ್ಮ ಉತ್ತರ: ಅಟ್ಟದ ಸ್ಲೈಡುಗಳು, ಕಪಾಟಿನ ಹಳೆಯ ಪತ್ರಿಕೆಗಳು

ಪ್ರಶ್ನೆ: ನಮ್ಮ ದೊಡ್ಡಪ್ಪನವರು 1960ರ ದಶಕದ ಆರಂಭದಲ್ಲಿ ಶರಾವತಿ ಯೋಜನೆಯ ಕೆಲಸದಲ್ಲಿದ್ದರು. ಅವರು ತೆಗೆದ ಬಣ್ಣದ ಸ್ಲೈಡುಗಳು ಎರಡು ತಗಡಿನ ಪೆಟ್ಟಿಗೆಗಳಲ್ಲಿ ಅಟ್ಟದ ಮೇಲೆ ಸಿಕ್ಕಿವೆ. ಒಂದು ಪೆಟ್ಟಿಗೆಯವು ನಿನ್ನೆ ಮೊನ್ನೆ ತೆಗೆದಂತಿವೆ. ಇನ್ನೊಂದರವು ಪೂರ್ತಿ ಕೆಂಪಾಗಿವೆ, ಕೆಲವಕ್ಕೆ ಜೇಡರ ಬಲೆಯಂತೆ ಬೂಷ್ಟು ಹಿಡಿದಿದೆ. ಮುಳುಗಡೆಯಾದ ಊರುಗಳ ಚಿತ್ರಗಳೂ ಅದರಲ್ಲಿವೆ ಎಂದು ದೊಡ್ಡಮ್ಮ ಹೇಳುತ್ತಾರೆ. ಇವನ್ನು ತೊಳೆದು, ಸ್ಕ್ಯಾನ್ ಮಾಡಿಸಿ, ನೆಂಟರಿಗೂ ಊರವರಿಗೂ ಹಂಚಬೇಕೆಂದಿದ್ದೇವೆ. ಹೇಗೆ ಮುಂದುವರಿಯಬೇಕು?
ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ದಯವಿಟ್ಟು ತೊಳೆಯಬೇಡಿ. ಸ್ಲೈಡೆಂದರೆ ಪ್ರೊಜೆಕ್ಟರಿನಲ್ಲಿ ತೋರಿಸಲು ಚೌಕಟ್ಟಿಗೆ ಕೂರಿಸಿದ ಪಾರದರ್ಶಕ ಫಿಲ್ಮಿನ ತುಂಡು. ಅದರ ಚಿತ್ರ ನಿಂತಿರುವುದು ಜೆಲಾಟಿನ್ ಪದರದಲ್ಲಿ, ಬೂಷ್ಟಿಗೆ ಆಹಾರವಾಗುವುದೂ ಅದೇ ಜೆಲಾಟಿನ್. ಬೂಷ್ಟು ತಿಂದ ಜಾಗದಲ್ಲಿ ಆ ಪದರ ನೀರಿನಲ್ಲಿ ಕರಗುವಷ್ಟು ದುರ್ಬಲವಾಗಿರುವುದರಿಂದ, ಒದ್ದೆ ಬಟ್ಟೆ ತಾಗಿದರೆ ಬೂಷ್ಟಿನ ಜೊತೆಗೆ ಚಿತ್ರವೂ ಎದ್ದು ಬರುತ್ತದೆ. ಮೊದಲು ಅವನ್ನು ಒಣಗಿಸಬೇಕು, ಅದೂ ಬಿಸಿಲಿನಲ್ಲಿ ಅಲ್ಲ. ಬಿಗಿಯಾದ ಮುಚ್ಚಳದ ಡಬ್ಬಿಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಜೊತೆ ಕೆಲವು ದಿನ ಇಟ್ಟರೆ ಬೂಷ್ಟು ಒಣಗುತ್ತದೆ. ಆಮೇಲೆ ಮೂಗು ಬಾಯಿಗೆ ಮಾಸ್ಕ್ ಹಾಕಿಕೊಂಡು, ಗಾಳಿಯಾಡುವ ಜಗಲಿಯಲ್ಲಿ ಕುಳಿತು, ಮೃದುವಾದ ಕುಂಚದಿಂದ ಹಗುರವಾಗಿ ಕೊಡವಿ. ಇಷ್ಟಕ್ಕೂ ಬಿಡದ ಕಲೆಗೆ ಶೇಕಡ 99ರಷ್ಟು ಶುದ್ಧವಾದ ಐಸೊಪ್ರೊಪೈಲ್ ಆಲ್ಕೊಹಾಲನ್ನು ಹತ್ತಿಯ ತುದಿಗೆ ತಾಗಿಸಿ, ಬೇಡವೆನಿಸಿದ ಒಂದು ಸ್ಲೈಡಿನ ಮೇಲೆ ಮೊದಲು ಪ್ರಯೋಗಿಸಿ ನೋಡಬಹುದು. ಔಷಧಿ ಅಂಗಡಿಯಲ್ಲಿ ಸಿಗುವ ಗಾಯ ಒರೆಸುವ ಸ್ಪಿರಿಟ್ಟಿನಲ್ಲಿ ನೀರು ಬೆರೆತಿರುತ್ತದೆಯಾದ್ದರಿಂದ ಅದು ಬೇಡ. ಎರಡು ಗಾಜಿನ ನಡುವೆ ಕೂರಿಸಿದ ಸ್ಲೈಡುಗಳಿದ್ದರೆ ಆ ಗಾಜನ್ನು ಬಿಚ್ಚಿಬಿಡಿ, ನಮ್ಮ ಸೀಮೆಯ ತೇವ ಅದರೊಳಗೆ ಸಿಕ್ಕಿಕೊಂಡರೆ ಹೊರಗೆ ಹೋಗುವುದೇ ಇಲ್ಲ.

ಎರಡು ಪೆಟ್ಟಿಗೆಗಳ ವ್ಯತ್ಯಾಸಕ್ಕೆ ಕಾರಣ ಬಹುಶಃ ಫಿಲ್ಮಿನಲ್ಲೇ ಇದೆ. ಸ್ಲೈಡಿನ ಚೌಕಟ್ಟನ್ನು ನೋಡಿ, ಬಣ್ಣ ಉಳಿದವುಗಳ ಮೇಲೆ ಕೊಡಾಕ್ರೋಮ್ ಎಂದು ಅಚ್ಚಾಗಿರಬಹುದು. 1935ರಲ್ಲಿ ಬಂದು 2009ರಲ್ಲಿ ತಯಾರಿಕೆ ನಿಂತ ಆ ಫಿಲ್ಮಿನಲ್ಲಿ ಬಣ್ಣ ಹುಟ್ಟಿಸುವ ರಾಸಾಯನಿಕಗಳು ಮೊದಲೇ ಇರುತ್ತಿರಲಿಲ್ಲ. ಅವನ್ನು ಪ್ರಯೋಗಾಲಯದಲ್ಲಿ ಸಂಸ್ಕರಿಸುವಾಗ ಸೇರಿಸುತ್ತಿದ್ದರು. ಆದ್ದರಿಂದ ಕತ್ತಲಲ್ಲಿಟ್ಟರೆ ಅದರ ಬಣ್ಣ ದಶಕಗಳ ಕಾಲ ಬಾಳುತ್ತದೆ. ಆ ಕಾಲದ ಇತರ ಅನೇಕ ಫಿಲ್ಮುಗಳಲ್ಲಿ ನೀಲಿಹಸಿರು ಬಣ್ಣದ ಪದರ ಕತ್ತಲಲ್ಲೂ ಮಾಸುತ್ತ ಹೋಗಿ ಕೆಂಪು ಮಾತ್ರ ಎದ್ದು ಕಾಣುತ್ತದೆ. ಆದರೆ ಚೆನ್ನಾಗಿ ಉಳಿದಿವೆಯೆಂಬ ಧೈರ್ಯದಿಂದ ಕೊಡಾಕ್ರೋಮ್ ಸ್ಲೈಡುಗಳನ್ನು ಪ್ರೊಜೆಕ್ಟರಿಗೆ ಹಾಕಿ ಮನೆಮಂದಿಗೆಲ್ಲ ತೋರಿಸಬೇಡಿ. ದೀಪದ ಬೆಳಕಿನಲ್ಲಿ ಅವು ಉಳಿದ ಫಿಲ್ಮುಗಳಿಗಿಂತ ಬೇಗ ಮಾಸುತ್ತವೆ. ಪೆಟ್ಟಿಗೆಯಲ್ಲಿ ಸಂಸ್ಕರಿಸದ ಕೊಡಾಕ್ರೋಮ್ ರೋಲೇನಾದರೂ ಇದ್ದರೆ ಅದರಿಂದ ಇನ್ನು ಕಪ್ಪುಬಿಳುಪು ಚಿತ್ರವನ್ನಷ್ಟೇ ನಿರೀಕ್ಷಿಸಬಹುದು. ಅದನ್ನು ಬಣ್ಣದಲ್ಲಿ ಸಂಸ್ಕರಿಸುತ್ತಿದ್ದ ಕೊನೆಯ ಪ್ರಯೋಗಾಲಯ ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿತ್ತು; 2010ರ ಡಿಸೆಂಬರ್ ಕೊನೆಗೆ ಅಲ್ಲಿಯೂ ಹೊಸ ರೋಲುಗಳನ್ನು ತೆಗೆದುಕೊಳ್ಳುವುದು ನಿಂತಿತು.

ಸ್ಕ್ಯಾನ್ ಮಾಡಿಸುವಾಗ ಇಂಚಿಗೆ 4000 ಚುಕ್ಕೆಗಳ ಸಾಂದ್ರತೆ ಕೇಳಿ. 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರದ ಚಿತ್ರಕ್ಕೆ ಅದು ಸುಮಾರು 5600 ಮತ್ತು 3700 ಪಿಕ್ಸೆಲ್ ಕೊಡುತ್ತದೆ. ಮೂಲಪ್ರತಿಯನ್ನು ಚಿತ್ರದ ಗುಣಮಟ್ಟ ಕೆಡದಂತೆ ಉಳಿಸುವ ಟಿಫ್ ಕಡತವಾಗಿ, ಪ್ರತಿ ಬಣ್ಣಕ್ಕೆ 16 ಬಿಟ್ ಆಳದಲ್ಲಿ (ಅಂದರೆ ಬಣ್ಣದ ಹೆಚ್ಚು ಛಾಯೆಗಳು ದಾಖಲಾಗುವಂತೆ) ಉಳಿಸಿಕೊಳ್ಳಿ, ಏಕೆಂದರೆ ಕೆಂಪಾದ ಸ್ಲೈಡಿನಲ್ಲಿ ಅಳಿದುಳಿದ ನೀಲಿಹಸಿರನ್ನು ಮೇಲೆತ್ತಲು ಆ ಆಳ ಬೇಕಾಗುತ್ತದೆ. ಸ್ಕ್ಯಾನರಿನಲ್ಲಿರುವ, ಧೂಳನ್ನು ತಾನಾಗಿ ಅಳಿಸುವ ಸೌಲಭ್ಯ ಅವಕೆಂಪು (ಇನ್ಫ್ರಾರೆಡ್) ಕಿರಣ ಬಳಸುತ್ತದೆ. ಕೊಡಾಕ್ರೋಮಿನಲ್ಲಿ ಅದು ಕೆಲವೊಮ್ಮೆ ಚಿತ್ರದ ಅಂಚುಗಳನ್ನೇ ಧೂಳೆಂದು ತಿಳಿದು ಕೆಡಿಸುವುದರಿಂದ ಸ್ಟುಡಿಯೋದವರಿಗೆ ಮೊದಲೇ ಹೇಳಿ ಅದನ್ನು ಆರಿಸಿಡಿ.

ಇಷ್ಟೆಲ್ಲ ಮಾಡುವ ಮೊದಲೇ ನೀವು ಮಾಡಬೇಕಾದದ್ದು ಇನ್ನೊಂದಿದೆ, ನನ್ನ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ತುರ್ತಿನದು. ದೊಡ್ಡಮ್ಮನವರ ಜೊತೆ ಕುಳಿತುಕೊಳ್ಳಿ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೆ ಮೊದಲಿನ ಊರನ್ನು ದೊಡ್ಡವರಾಗಿ ಕಣ್ಣಾರೆ ಕಂಡವರಿಗೆ ಈಗ ಎಂಬತ್ತರ ಮೇಲಾಗಿದೆ. ಗದ್ದೆಯಂಚಿನಲ್ಲಿ ನಾಲ್ಕು ಜನ ನಿಂತಿರುವ ಒಂದು ಸ್ಲೈಡಿಗೆ ಊರಿನ ಹೆಸರು, ಹಿಂದೆ ಕಾಣುವ ಮನೆ ಯಾರದು, ಆ ಮನೆಯವರು ಮುಳುಗಡೆಯಾದ ಮೇಲೆ ಯಾವ ತಾಲ್ಲೂಕಿಗೆ ಹೋದರು ಎಂಬುದು ಸೇರದಿದ್ದರೆ, ಅದು ಎಲ್ಲಿಯದೋ ಒಂದು ಗದ್ದೆಯ ಚಿತ್ರವಾಗಿ ಉಳಿದುಬಿಡುತ್ತದೆ. ಬಣ್ಣ ಮಾಸಿದರೆ ಕಂಪ್ಯೂಟರಿನಲ್ಲಿ ಸ್ವಲ್ಪವಾದರೂ ಸರಿಪಡಿಸಬಹುದು, ಹೆಸರನ್ನು ಹಾಗೆ ತರಲಾಗದು. ಪೆಟ್ಟಿಗೆಯಲ್ಲಿರುವ ಕ್ರಮವನ್ನು ಕದಲಿಸದೆ ಚೌಕಟ್ಟಿನ ಮೂಲೆಯಲ್ಲಿ ಪೆನ್ಸಿಲಿನಿಂದ ಸಂಖ್ಯೆ ಹಾಕಿ. ಕ್ರಮ ತಪ್ಪಿದರೆ ಒಂದೇ ದಿನ ತೆಗೆದ ಚಿತ್ರಗಳು ಯಾವುವೆಂದು ಊಹಿಸುವುದಕ್ಕೂ ಆಧಾರ ಇರುವುದಿಲ್ಲ. ಚೌಕಟ್ಟಿನ ಮೇಲೆ ತಿಂಗಳು ಮತ್ತು ವರ್ಷ ಅಚ್ಚಾಗಿದ್ದರೆ ಅದು ಚಿತ್ರ ತೆಗೆದ ದಿನದ್ದಲ್ಲ, ಪ್ರಯೋಗಾಲಯದಲ್ಲಿ ಸಂಸ್ಕರಿಸಿದ ಕಾಲದ್ದು ಎಂಬುದನ್ನು ನೆನಪಿಡಿ. ಸ್ಲೈಡನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸುವುದಕ್ಕಿಂತ, ಮೊಬೈಲಿನಲ್ಲಿ ಒಂದು ಒರಟು ಪ್ರತಿ ತೆಗೆದು ದೊಡ್ಡದಾಗಿ ಮಾಡಿ ತೋರಿಸಿದರೆ ವಯಸ್ಸಾದವರಿಗೆ ಗುರುತು ಹತ್ತುವುದು ಸುಲಭ. ಅವರು ಹೇಳಿದ್ದನ್ನು ಧ್ವನಿಯಾಗಿಯೂ ಮುದ್ರಿಸಿಕೊಳ್ಳಿ.

ಹಂಚುವಾಗ ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಚಿತ್ರ ಕುಗ್ಗುತ್ತದೆ, ಅದರೊಳಗೆ ಬರೆದಿಟ್ಟ ವಿವರಗಳೂ ಹೋಗುತ್ತವೆ. ಡಾಕ್ಯುಮೆಂಟ್ ಎಂದು ಕಳಿಸಿ, ಕಡತದ ಹೆಸರಿನಲ್ಲೇ ಸಂಖ್ಯೆ, ಊರು, ಅಂದಾಜು ವರ್ಷ ಇರಲಿ. ಜಗತ್ತಿಗೆಲ್ಲ ತೆರೆದಿಡುವ ಮೊದಲು ಚಿತ್ರದಲ್ಲಿರುವವರ ಮನೆಯವರಿಗೆ ತೋರಿಸುವುದು ನ್ಯಾಯ. ಬಾಣಂತಿ ಕೋಣೆ, ಸಾವಿನ ಮನೆ, ತೀರ ಬಡತನ ಕಾಣುವ ಚಿತ್ರಗಳಿದ್ದರೆ ಅವರು ಬೇಡವೆನ್ನಬಹುದು, ಆ ಮಾತಿಗೆ ಬೆಲೆ ಕೊಡಬೇಕು.

ಪ್ರಶ್ನೆ: ಮಳೆಗಾಲದಲ್ಲಿ ಪುಸ್ತಕ, ಫೋಟೋಗಳನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟು ನುಸಿಗುಳಿಗೆ ಹಾಕುತ್ತೇವೆ. ಸರಿಯೇ?
ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಒಲೆಯ ಶಾಖ ಮತ್ತು ಹೊಗೆ ಹುಳುವನ್ನು ದೂರವಿಡುತ್ತವೆ, ಅದು ಹಿರಿಯರ ಅನುಭವ. ಆದರೆ ಶಾಖದಿಂದ ಫಿಲ್ಮಿನ ಬಣ್ಣ ಬೇಗ ಮಾಸುತ್ತದೆ, ಮಸಿ ಕಾಗದಕ್ಕೆ ಅಂಟಿದರೆ ಹೋಗುವುದಿಲ್ಲ. ನುಸಿಗುಳಿಗೆಯ ಆವಿ ಕೆಲವು ಪ್ಲಾಸ್ಟಿಕ್ಕುಗಳನ್ನು ಮೆತ್ತಗಾಗಿಸುವುದರಿಂದ ಫಿಲ್ಮು ಮತ್ತು ಸಿ.ಡಿ. ಇರುವಲ್ಲಿ ಅದು ಬೇಡ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಇಂಥ ಕಡೆ ಮಳೆ ಹೊಡೆಯುವ ಗೋಡೆಗೆ ಕಪಾಟು ತಾಗಿರಬಾರದು, ಒಂದು ಗೇಣು ಜಾಗ ಬಿಡಿ. ಗಾಳಿಯ ತೇವಾಂಶ ಶೇಕಡ 60 ದಾಟಿದರೆ ಬೂಷ್ಟು ಏಳುವುದರಿಂದ, ಬಿಗಿ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗೆ ತೇವಾಂಶ ಅಳೆಯುವ ಪುಟ್ಟ ಹೈಗ್ರೋಮೀಟರೊಂದನ್ನು ಇಟ್ಟು ಶೇಕಡ 30ರಿಂದ 50ರೊಳಗೆ ಕಾಯ್ದುಕೊಳ್ಳಿ. ಫಿಲ್ಮಿನ ಪೆಟ್ಟಿಗೆ ತೆರೆದಾಗ ವಿನೆಗರಿನಂಥ ಹುಳಿ ವಾಸನೆ ಬಂದರೆ ಅದರ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ತಳವೇ ಕೊಳೆಯುತ್ತಿದೆ ಎಂದರ್ಥ. ಆ ಆವಿ ಪಕ್ಕದ ಫಿಲ್ಮನ್ನೂ ಕೆಡಿಸುತ್ತದೆ. ಅದನ್ನು ತಕ್ಷಣ ಬೇರೆಯಿಟ್ಟು ಮೊದಲು ಸ್ಕ್ಯಾನ್ ಮಾಡಿಸಿ.

ಪ್ರಶ್ನೆ: ಕಾಲೇಜು ದಿನಗಳಲ್ಲಿ ಕೊಂಡ ಡಿಜಿಟ್ ಮತ್ತಿತರ ಕಂಪ್ಯೂಟರ್, ಗೇಮಿಂಗ್ ಪತ್ರಿಕೆಗಳು ಸಿ.ಡಿ.ಗಳ ಸಮೇತ ಎರಡು ಕಪಾಟು ತುಂಬಿವೆ. ಮನೆಯಲ್ಲಿ ರದ್ದಿಗೆ ಹಾಕು ಎನ್ನುತ್ತಾರೆ. ಇವಕ್ಕೆ ನಿಜವಾಗಿ ಬೆಲೆಯಿದೆಯೇ?
ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಇದೆ, ರದ್ದಿಗೆ ಹಾಕಬೇಡಿ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ ಎಂಬ ಸಂಸ್ಥೆ 2023ರಲ್ಲಿ ನಡೆಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ 2010ಕ್ಕಿಂತ ಮೊದಲು ಬಿಡುಗಡೆಯಾದ ಆಟಗಳಲ್ಲಿ ಶೇಕಡ 87ರಷ್ಟು ಇಂದು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಆಟವೇ ಸಿಗದಿರುವಾಗ ಅದರ ಬಗ್ಗೆ ಅಂದಿನವರು ಬರೆದ ವಿಮರ್ಶೆ, ಮುದ್ರಿಸಿದ ಚಿತ್ರ, ಕೊಟ್ಟ ಜಾಹೀರಾತುಗಳೇ ಇತಿಹಾಸಕ್ಕೆ ಆಧಾರವಾಗುತ್ತವೆ. ಅದೇ ಸಂಸ್ಥೆ 2025ರ ಜನವರಿಯಲ್ಲಿ ತೆರೆದ ಡಿಜಿಟಲ್ ಗ್ರಂಥಾಲಯದಲ್ಲಿ ಇಂಥ ಪತ್ರಿಕೆಗಳ 1500ಕ್ಕೂ ಹೆಚ್ಚು ಸಂಚಿಕೆಗಳನ್ನು ಪದ ಹುಡುಕಿ ಓದುವಂತೆ ಇಟ್ಟಿದ್ದಾರೆ. ಭಾರತದಲ್ಲಿ ಅಂದು ಏನು ಸಿಗುತ್ತಿತ್ತು, ಎಷ್ಟು ಬೆಲೆಗೆ ಸಿಗುತ್ತಿತ್ತು ಎಂಬುದಕ್ಕೆ ನಿಮ್ಮ ಕಪಾಟು ಸಾಕ್ಷಿ. ಆದ್ದರಿಂದ ಸ್ಕ್ಯಾನ್ ಮಾಡುವಾಗ ಜಾಹೀರಾತು, ಓದುಗರ ಪತ್ರ, ಬೆಲೆಪಟ್ಟಿ ಇರುವ ಪುಟಗಳನ್ನು ಬಿಡಲೇಬೇಡಿ.

ಒಂದು ಎಚ್ಚರಿಕೆ. ಈ ಪತ್ರಿಕೆಗಳ ನುಣುಪು ಕಾಗದಕ್ಕೆ ಜೇಡಿಮಣ್ಣಿನಂಥ ಖನಿಜದ ಲೇಪವಿರುತ್ತದೆ. ಒಮ್ಮೆ ನೆನೆದು ಹಾಗೆಯೇ ಒಣಗಿದರೆ ಪುಟಗಳು ಒಂದಕ್ಕೊಂದು ಅಂಟಿ ಮತ್ತೆ ಬಿಡುವುದಿಲ್ಲ. ಹಂಚು ಸೋರಿ ನೆನೆದದ್ದು ಕಂಡರೆ ಇನ್ನೂ ಒದ್ದೆಯಿರುವಾಗಲೇ ಪುಟಪುಟವನ್ನೂ ಬಿಡಿಸಿ ಒಣಗಿಸಬೇಕು. ತುಕ್ಕು ಹಿಡಿದ ಪಿನ್ನುಗಳನ್ನು ತೆಗೆಯಿರಿ. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ, ಅದನ್ನು ಬಿಡಿಸಲು ಆಗುವುದಿಲ್ಲ. ಸಿ.ಡಿ.ಯಲ್ಲಿ ಮಾಹಿತಿಯ ಪದರ ಇರುವುದು ಚಿತ್ರ ಅಚ್ಚಾದ ಬದಿಗೆ ಹತ್ತಿರ, ಹಾಗಾಗಿ ಮೇಲ್ಬದಿಯ ಗೀರೇ ಹೆಚ್ಚು ಅಪಾಯಕಾರಿ. ಪ್ರತಿಯೊಂದನ್ನೂ ಪೂರ್ತಿ ಐ.ಎಸ್.ಒ. ಕಡತವಾಗಿ, ಅಂದರೆ ಡಿಸ್ಕಿನಲ್ಲಿರುವುದೆಲ್ಲ ಒಂದೇ ಕಡತದಲ್ಲಿ ಬರುವಂತೆ, ನಕಲಿಸಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬ ಕ್ರಮವನ್ನು ಪಾಲಿಸಿದರೆ ಒಂದು ಹಾರ್ಡ್ ಡಿಸ್ಕ್ ಕೆಟ್ಟರೂ ಸಂಗ್ರಹ ಉಳಿಯುತ್ತದೆ.

ಪ್ರಶ್ನೆ: ತಂದೆಯವರು ಬೈಂಡ್ ಮಾಡಿಸಿಟ್ಟ ಕಸ್ತೂರಿ, ಸುಧಾ, ಚಂದಮಾಮ ಸಂಪುಟಗಳಿವೆ. ಐವತ್ತು ವರ್ಷ ದಾಟಿದವನ್ನು ಪಿ.ಡಿ.ಎಫ್. ಮಾಡಿ ಎಲ್ಲರಿಗೂ ಕೊಡಬಹುದೇ?
ಓದುಗರೊಬ್ಬರು, ಹೊಸನಗರ

ಉತ್ತರ: ನಿಮ್ಮ ಆಸೆ ದೊಡ್ಡದು, ಆದರೆ ಕಾನೂನು ಐವತ್ತು ವರ್ಷಕ್ಕೆ ಬಿಡುಗಡೆ ಕೊಡುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಲೇಖಕರ ಮರಣದ ನಂತರ 60 ವರ್ಷ ಹಕ್ಕು ಉಳಿಯುತ್ತದೆ. ಹೆಸರಿಲ್ಲದ ಬರಹಕ್ಕೆ ಪ್ರಕಟಣೆಯಿಂದ 60 ವರ್ಷ. ಒಂದು ಸಂಚಿಕೆಯಲ್ಲಿ ಹತ್ತಾರು ಲೇಖಕರೂ ಚಿತ್ರಕಾರರೂ ಇರುವುದರಿಂದ ಇಡೀ ಸಂಚಿಕೆಯನ್ನು ಹಂಚಲು ಪ್ರಕಾಶಕರ, ಎಷ್ಟೋ ಸಲ ಲೇಖಕರ ಮನೆಯವರ ಒಪ್ಪಿಗೆಯೂ ಬೇಕು. ಒಪ್ಪಿಗೆಯನ್ನು ಬರಹದಲ್ಲಿ ಕೇಳಿ. ಸಾಗರದ ಓದುಗರಿಗೂ ಈ ಮಾತು ಅನ್ವಯಿಸುತ್ತದೆ: ದೊಡ್ಡಪ್ಪನವರು ತಮಗಾಗಿ ತೆಗೆದ ಸ್ಲೈಡುಗಳ ಹಕ್ಕು ಅವರ ವಾರಸುದಾರರೆಲ್ಲರದು, ಆದ್ದರಿಂದ ಅವರ ಮಕ್ಕಳೆಲ್ಲರನ್ನೂ ಕೇಳಬೇಕು.

ಒಪ್ಪಿಗೆ ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಸ್ವಂತ ಓದಿಗೆ, ಸಂಶೋಧನೆಗೆ ನ್ಯಾಯವಾದ ಮಟ್ಟಿಗೆ ಬಳಸಲು ಕಾಯ್ದೆಯೇ ಅವಕಾಶ ಕೊಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಲೇಖನದ ಹೆಸರು, ಲೇಖಕರು, ತಿಂಗಳು, ಪುಟ ಎಂಬ ವಿವರಗಳಿಗೆ ಯಾರ ಕೃತಿಸ್ವಾಮ್ಯವೂ ಇಲ್ಲ. ನೀವೇ ಪುಟ ತಿರುಗಿಸಿ ಆ ಸೂಚಿಯನ್ನು ಸಿದ್ಧಪಡಿಸಿದರೆ ಇಂದೇ ಹಂಚಬಹುದು, ಒಂದು ಪ್ರತಿಯನ್ನು ಹತ್ತಿರದ ಗ್ರಂಥಾಲಯಕ್ಕೆ, ಇನ್ನೊಂದನ್ನು ಕೆಳದಿಯ ವಸ್ತುಸಂಗ್ರಹಾಲಯದಂಥ ಸ್ಥಳೀಯ ಸಂಸ್ಥೆಗೆ ಕೊಡಬಹುದು. ಮಲೆನಾಡಿನ ಬಗ್ಗೆ ಬಂದ ಲೇಖನಗಳಿಂದ ಶುರುಮಾಡಿ: ಮುಳುಗಡೆ, ಅಡಕೆ, ಯಕ್ಷಗಾನ, ಜೋಗ. ಯಾವ ಸಂಪುಟದ ಯಾವ ಸಂಚಿಕೆ ನಿಮ್ಮಲ್ಲಿ ಇಲ್ಲ ಎಂಬುದನ್ನೂ ಅದರಲ್ಲಿ ಬರೆಯಿರಿ, ಆ ಸಂಚಿಕೆ ಇರುವ ಇನ್ನೊಬ್ಬರು ನಿಮಗೆ ಪತ್ರ ಬರೆಯಲು ಅದೇ ದಾರಿ.